ಹನ್ನೊಂದು ಗಂಟೆಯ ಅಂಕಿ

ಇಲುಮಿನಾದಾಳ ಕರಾರು ಪತ್ರದಲ್ಲಿ ಬರೆದಿದ್ದದ್ದು ಮೂರೇ ಕೆಲಸ. ನೆಲ ಒರೆಸುವುದು, ನೀರು ಹೊರುವುದು, ಕಕ್ಕಸು ತೊಳೆಯುವುದು. ಆರು ತಿಂಗಳಿಗೊಮ್ಮೆ ಹೊಸ ಪತ್ರ ಬರುತ್ತಿತ್ತು, ಅವಳು ಸಹಿ ಹಾಕುತ್ತಿದ್ದಳು. ಹೀಗೆ ಹತ್ತೊಂಬತ್ತು ವರ್ಷ.

ಪತ್ರದಲ್ಲಿಲ್ಲದ ಕೆಲಸ ಇನ್ನೊಂದಿತ್ತು. ಕಿನಾಬುತ್ ದ್ವೀಪದ ಗುಡ್ಡದ ನೆತ್ತಿಯಲ್ಲಿ ಒಂದು ಹವಾಮಾನ ಠಾಣೆ. ಅಲ್ಲಿ ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ ಮೂರು ಗಂಟೆಗೊಮ್ಮೆ ವಾಯುಭಾರ ತೋರಿಸುವ ಪಾದರಸದ ಕೊಳವೆ ನೋಡಬೇಕು, ಮಳೆ ಅಳೆಯಬೇಕು, ಗಾಳಿ ಅಳೆಯಬೇಕು. ಅಂಕಿಯನ್ನು ರೇಡಿಯೋದಲ್ಲಿ ಪ್ರಾಂತ್ಯದ ಕಚೇರಿಗೆ ಹೇಳಬೇಕು, ಆಮೇಲೆ ಪುಸ್ತಕದಲ್ಲಿ ಬರೆಯಬೇಕು. ಇದು ವಾಲ್ಡೆನೋರ್ ಎಂಬ ಅಧಿಕಾರಿಯ ಕೆಲಸ. ಹುದ್ದೆ ಅವರದು, ಸಂಬಳ ಅವರದು. ಮನೆ ಮಾತ್ರ ಕಡಲಾಚೆಯ ಪೇಟೆಯಲ್ಲಿ. ವಾರಕ್ಕೊಮ್ಮೆ ದೋಣಿಯಲ್ಲಿ ಬಂದು, ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿ, ಉಸ್ಸಪ್ಪಾ ಎಂದು ಕೂತು, ಅವಳು ಕಾಯಿಸಿಕೊಟ್ಟ ಕಾಫಿ ಕುಡಿದು ಇಳಿದು ಹೋಗುತ್ತಿದ್ದರು. ಮೊದಲ ವರ್ಷವೇ ಅವಳಿಗೆ ಎಲ್ಲ ಕಲಿಸಿಬಿಟ್ಟಿದ್ದರು, ತಾವು ಹಾಯಾಗಿರಬೇಕಲ್ಲ.

"ಕಣ್ಣು ಪಾದರಸದ ಮಟ್ಟಕ್ಕೇ ಇರಬೇಕು ಲುಮಿಂಗ್. ಮೇಲಿಂದ ನೋಡಿದ್ರೂ ಸುಳ್ಳು, ಕೆಳಗಿಂದ ನೋಡಿದ್ರೂ ಸುಳ್ಳು," ಎಂದಿದ್ದರು, ಎಲ್ಲರ ಹಾಗೆ ಅವಳ ಹೆಸರನ್ನು ಮೊಟಕು ಮಾಡಿ. ಆ ಒಂದು ಮಾತಿಗೆ ಮಾತ್ರ ಅವಳು ಅವರಿಗೆ ಋಣಿ. ಪುಸ್ತಕದಲ್ಲಿ ಪ್ರತಿ ಅಂಕಿಯ ಮುಂದೆ ಅವಳು ಹಾಕಬೇಕಾಗಿದ್ದದ್ದು ಅವರ ಹೆಸರಿನ ಮೊದಲಕ್ಷರಗಳನ್ನು. ಕೈ ಅವಳದು, ಹೆಸರು ಅವರದು.

ಹೆಗಲ ಮೇಲೆ ಎರಡು ಕ್ಯಾನು ನೀರು ಹೊತ್ತು ದಿನಕ್ಕೆ ಮೂರು ಸಲ ಆ ಮೆಟ್ಟಿಲು ಹತ್ತುತ್ತಿದ್ದಳು. ಮಂಡಿ ಸವೆದುಹೋಗಿತ್ತು. ಒಮ್ಮೆ ಜ್ವರ ಬಂದು ಎಂಟು ಗಂಟೆಯ ಅಂಕಿ ತಪ್ಪಿಹೋಯಿತು. ಆ ಜಾಗ ಖಾಲಿ ಬಿಟ್ಟಳು. "ಏನೋ ಒಂದು ತುಂಬಿಸಬಾರದಿತ್ತಾ?" ಎಂದು ವಾಲ್ಡೆನೋರ್ ರೇಗಿದರು. ನೋಡದ ಅಂಕಿಯನ್ನು ಬರೆಯಲು ಅವಳ ಕೈ ಏಳಲಿಲ್ಲ. ಊರಿನವರಿಗೆ ಇದೊಂದು ತಮಾಷೆ. ಅವಳನ್ನು ಅವರು ಮಾನಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಸಂತೆಯಲ್ಲಿ ಯಾರಾದರೂ "ಮಾನಾ ಲುಮಿಂಗ್, ನಾಳೆ ಮಳೆ ಬರತ್ತಾ?" ಎಂದು ಕೇಳಿದರೆ, "ನಾಳೆ ಕೇಳು, ಹೇಳ್ತೀನಿ," ಎನ್ನುತ್ತಿದ್ದಳು. ಅವಳ ಗಂಡ ಪುಲೋ ಬಿದ್ದು ಬಿದ್ದು ನಗುತ್ತಿದ್ದ. "ನನ್ನ ಹೆಂಡತಿಗೆ ಸುಳ್ಳು ಹೇಳಕ್ಕೆ ಬರಲ್ಲ ಕಣ್ರೋ. ಅದಕ್ಕೇ ನಾವು ಇನ್ನೂ ತೆಂಗಿನ ಗರಿಯ ಸೂರಿನಡಿ ಇದೀವಿ," ಎನ್ನುತ್ತಿದ್ದ.

ಆ ಗರಿಯ ಸೂರು ಇದ್ದದ್ದು ದ್ವೀಪದ ಪಡುವಣ ದಂಡೆಯಲ್ಲಿ. ಮೀನು ಹಿಡಿಯುವವರ ಮೂವತ್ತು ಗುಡಿಸಲು. ಅಜ್ಜಂದಿರ ಕಾಲದಿಂದ ಅಲ್ಲೇ ಇದ್ದರು, ಆದರೆ ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಕಾಗದ ಇದ್ದದ್ದು ಡೋನ್ ಗವಿನೋ ಎಂಬ ಜಮೀನ್ದಾರನ ಹತ್ತಿರ. ಅವನಿಗೆ ಆ ಬಿಳಿ ಮರಳಿನ ಮೇಲೆ ಪ್ರವಾಸಿಗರ ಹೋಟೆಲ್ ಬೇಕಿತ್ತು. ಎರಡು ವರ್ಷದ ಹಿಂದೆ ಒಂದು ಚಂಡಮಾರುತ ಬಂದಾಗ ದಂಡೆಯವರೆಲ್ಲ ಗುಡ್ಡದ ಚರ್ಚಿಗೆ ಹತ್ತಿದರು. ಗಾಳಿ ನಿಂತ ಮೇಲೆ ಇಳಿದು ಬಂದರೆ ತೆಂಗಿನ ಮರದಿಂದ ಮರಕ್ಕೆ ಮುಳ್ಳುತಂತಿ! ಎಂಟು ಮನೆ ತಂತಿಯ ಆಚೆಗೆ ಹೋಗಿದ್ದವು. ಜನ ಗಾಳಿಗೆ ಹೆದರಿ ಓಡಿದಾಗ ಬೇಲಿ ಹಾಕುವವನನ್ನು ಮನುಷ್ಯ ಎನ್ನುತ್ತಾರೆಯೇ? ಥೂ.

ಅಂದಿನಿಂದ ದಂಡೆಯವರು ತಮಗೆ ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಸರ್ಕಾರ ಗಾಳಿಯ ಬಲಕ್ಕೆ ತಕ್ಕಂತೆ ಒಂದರಿಂದ ಐದರವರೆಗೆ ಸಿಗ್ನಲ್ ಕೊಡುತ್ತದೆ. ಸಿಗ್ನಲ್ ಎರಡು ಬಂದರೆ ಹೆಂಗಸರು, ಮಕ್ಕಳು, ಮುದುಕರು ಚರ್ಚಿಗೆ. ಗಂಡಸರು ಉಳಿದು ಮನೆ, ಹಂದಿ, ದೋಣಿ, ನೆಲ ಕಾಯಬೇಕು. ಸಿಗ್ನಲ್ ಮೂರು ಬಂದರೆ ಸೈನಿಕರು ಬಂದು ಎಲ್ಲರನ್ನೂ ಎಬ್ಬಿಸುತ್ತಾರೆ, ಡೋನ್ ಗವಿನೋನ ಆಳುಗಳನ್ನೂ. ಆಗ ಬೇಲಿ ಹಾಕಲು ಯಾರೂ ಇರುವುದಿಲ್ಲ, ಗಂಡಸರೂ ಹೊರಡಬಹುದು. ಎರಡಕ್ಕೆ ಹೆಂಗಸರು, ಮೂರಕ್ಕೆ ಎಲ್ಲರೂ. ದಂಡೆಯ ಮಕ್ಕಳಿಗೂ ಅದು ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು.

ಸೆಲ್ಯಾ ಎಂಬ ಹೆಸರಿನ ಚಂಡಮಾರುತ ಬಂದದ್ದು ಡಿಸೆಂಬರಿನಲ್ಲಿ. ಕ್ರಿಸ್‌ಮಸ್‌ಗೆ ಹದಿನೇಳು ದಿನ ಇತ್ತು. ಚರ್ಚಿನ ಬಾಗಿಲಿಗೆ ಕಾಗದದ ನಕ್ಷತ್ರದೀಪ ಕಟ್ಟಿಯಾಗಿತ್ತು. ಹಿಂದಿನ ದಿನ ಸಂಜೆಯೇ ಸಿಗ್ನಲ್ ಎರಡು ಬಂತು. ಹೆಂಗಸರು ಅನ್ನದ ಪಾತ್ರೆ, ಒಣಮೀನು, ಚಾಪೆ ಹೊತ್ತು ಗುಡ್ಡ ಹತ್ತಿದರು. ಹದಿನೇಳು ಗಂಡಸರು ದಂಡೆಯಲ್ಲಿ ಉಳಿದರು. ಪುಲೋ ಅವರಲ್ಲಿ ಒಬ್ಬ.

ಒಳ್ಳೆಯ ದಿನ ಕೊಳವೆ ಸಾವಿರದ ಎಂಟು ತೋರಿಸುತ್ತದೆ. ಅಂಕಿ ಇಳಿದಷ್ಟೂ ಗಾಳಿ ಕೆಟ್ಟದ್ದು. ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಒಂಬೈನೂರ ತೊಂಬತ್ತಾರು ಓದಿದಳು. ಹತ್ತಕ್ಕೆ ಮನಸ್ಸು ತಡೆಯದೆ ಇನ್ನೊಮ್ಮೆ ನೋಡಿದಳು. ಎಂಬತ್ತೇಳು. ಹನ್ನೊಂದಕ್ಕೆ ಮಂಡಿ ಊರಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಮೂರು ಸಲ ನೋಡಿದಳು. ಒಂಬೈನೂರ ಎಪ್ಪತ್ತೊಂಬತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಕೊಳವೆ ಅಷ್ಟು ಕೆಳಗೆ ಹೋಗಿರಲಿಲ್ಲ.

ರೇಡಿಯೋ ಎತ್ತಿಕೊಂಡಳು. "ಕಿನಾಬುತ್ ಠಾಣೆ. ಹನ್ನೊಂದು ಗಂಟೆ. ಒಂಬೈನೂರ ಎಪ್ಪತ್ತೊಂಬತ್ತು. ಒಂದು ಗಂಟೆಗೆ ಎಂಟು ಇಳಿದಿದೆ."

"ಏನು? ಮತ್ತೆ ಹೇಳಿ," ಎಂದ ಆ ಕಡೆಯ ಅಧಿಕಾರಿ.

ಮತ್ತೆ ಹೇಳಿದಳು.

"ವಾಲ್ಡೆನೋರ್ ಅವರನ್ನ ಕರೀರಿ."

"ಅವರು ಪೇಟೆಯಲ್ಲಿದಾರೆ ಸರ್. ದೋಣಿ ನಿಂತುಹೋಗಿದೆ."

"ಮತ್ತೆ ಓದಿದ್ದು ಯಾರು?"

"ನಾನು."

"ನೀನು ಯಾರಮ್ಮ?"

ಇಷ್ಟು ವರ್ಷ ಅದೇ ಕಚೇರಿ ಅವಳ ಬಾಯಿಂದಲೇ ಅಂಕಿ ಕೇಳಿ ಬರೆದುಕೊಂಡಿತ್ತು. ಒಬ್ಬರೂ ನೀನು ಯಾರು ಎಂದು ಕೇಳಿರಲಿಲ್ಲ. "ನೆಲ ಒರೆಸೋಳು ಸರ್," ಎಂದಳು.

ಆ ಕಡೆ ಯಾರೋ ನಕ್ಕರು. "ಕಸ ಗುಡಿಸೋಳು ಚಂಡಮಾರುತ ಅಳೀತಿದಾಳಂತೆ ಕೇಳ್ರಪ್ಪಾ!" ಎಂಬ ದನಿ ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ನೋಡಮ್ಮ," ಎಂದ ಅಧಿಕಾರಿ, "ಉಪಗ್ರಹದ ಚಿತ್ರ ನನ್ನ ಕಣ್ಣ ಮುಂದೇ ಇದೆ. ಈ ಗಾಳಿಯ ನಟ್ಟನಡುವೇನೇ ಒಂಬೈನೂರ ಎಂಬತ್ತೈದು. ಆ ನಡು ನಿಮ್ಮಿಂದ ಇನ್ನೂ ಎಪ್ಪತ್ತು ಕಿಲೋಮೀಟರ್ ದೂರ ಇದೆ. ಅಂಚಲ್ಲಿರೋ ನಿನಗೆ ನಡುವಿಗಿಂತ ಕಡಿಮೆ ಹೆಂಗಮ್ಮ ಬರತ್ತೆ? ಕೊಳವೆ ಒಳಗೆ ಗಾಳಿ ಸೇರಿರಬೇಕು."

"ಸರ್, ನಾನೂ ಅದನ್ನೇ ಹೇಳ್ತಿರೋದು. ಅಂಚಲ್ಲೇ ಇಷ್ಟು ಇಳಿದಿದ್ರೆ ನಡುವಲ್ಲಿ ಏನಿರಬೇಡ? ನಿಮ್ಮ ಚಿತ್ರಕ್ಕೆ ಕಾಣ್ತಿಲ್ಲ ಸರ್. ಗಾಳಿ ನೀವಂದ್ಕೊಂಡಿದ್ದಕ್ಕಿಂತ ದೊಡ್ಡದು. ದಂಡೆಲಿ ಗಂಡಸರಿದಾರೆ. ಸಿಗ್ನಲ್ ಮೂರು ಮಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಸ ಗುಡಿಸೋರ ಮಾತು ಕೇಳಿ ಸಿಗ್ನಲ್ ಬದಲಾಯಿಸಿದ್ರೆ ನಾಳೆ ನಾನು ಕಸ ಗುಡಿಸಬೇಕಾಗತ್ತೆ. ಎರಡೇ ಇರಲಿ. ನೀನು ಆ ಕೊಳವೆ ಮುಟ್ಟಬೇಡ."

ರೇಡಿಯೋ ಸುಮ್ಮನಾಯಿತು. ಅವಳು ಪುಸ್ತಕದಲ್ಲಿ ಶಾಯಿಯಲ್ಲಿ ಬರೆದಳು. ಹನ್ನೊಂದು ಗಂಟೆ, ಒಂಬೈನೂರ ಎಪ್ಪತ್ತೊಂಬತ್ತು. ಮುಂದೆ ವಾಲ್ಡೆನೋರರ ಮೊದಲಕ್ಷರಗಳನ್ನು ಹಾಕಿ, ಬಾಗಿಲು ಎಳೆದುಕೊಂಡು ಓಡಿದಳು. ಮೆಟ್ಟಿಲು ಪಾಚಿಗಟ್ಟಿತ್ತು. ಎರಡು ಸಲ ಜಾರಿ ಬಿದ್ದಳು, ಮೊಣಕೈ ತರಚಿತು.

ದಾರಿಯಲ್ಲಿ ಊರಿನ ಮುಖ್ಯಸ್ಥನ ಕಚೇರಿ. ಅವನನ್ನು ಎಲ್ಲರೂ ಕಪಿತಾನ್ ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದ.

"ಕಪಿತಾನ್, ಧ್ವನಿವರ್ಧಕದಲ್ಲಿ ಕೂಗಿ. ದಂಡೆಯ ಗಂಡಸರು ಮೇಲೆ ಬರಲಿ."

"ಮೂರರ ಆದೇಶ ಬಂತಾ?"

"ಇಲ್ಲ. ಕೊಳವೆ ಇಳಿದಿದೆ."

"ಕೊಳವೆ!" ಎಂದು ಕಪಿತಾನ್ ಅವಳ ಕೆಸರಾದ ಕಾಲು ನೋಡಿದ. "ಆದೇಶ ಇಲ್ಲದೆ ಕೂಗಿ, ಏನೂ ಆಗದೆ ಹೋದ್ರೆ ಉಗಿಸ್ಕೊಳೋದು ಯಾರು? ಹೋಗಮ್ಮ, ನಿನ್ನ ಬಕೆಟ್ಟು ನೋಡ್ಕೋ."

ದಂಡೆಗೆ ಬಂದರೆ ಅಲ್ಲಿ ಗಾಳಿಯೇ ಇಲ್ಲದಂತಿತ್ತು. ಚಂಡಮಾರುತ ಮೂಡಣದಿಂದ ಬರುತ್ತಿತ್ತು, ಗುಡ್ಡ ಅಡ್ಡ ನಿಂತಿತ್ತು. ಕಡಲು ಹಿಂದಕ್ಕೆ ಸರಿದು ಮರಳು ಉದ್ದಕ್ಕೂ ಬಿದ್ದಿತ್ತು. ಹದಿನೇಳೂ ಜನ ಮಗುಚಿಟ್ಟ ದೋಣಿಯ ಮರೆಯಲ್ಲಿ ಕೂತು, ತೆಂಗಿನ ಕಳ್ಳು ಕುಡಿಯುತ್ತ ಇಸ್ಪೀಟು ಆಡುತ್ತಿದ್ದರು.

"ಬಂದಳು ನೋಡ್ರೋ ಹವಾಮಾನ ಮಂತ್ರಿ!" ಎಂದು ಕೂಗಿದ ತಿಬುರ್. ಅವನು ಪುಲೋನ ದೋಣಿಯ ಜೊತೆಗಾರ, ಬಾಯಿಬಡುಕ. ಎಲ್ಲರೂ ನಕ್ಕರು.

"ಏಳಿ. ಎಲ್ಲರೂ ಏಳಿ. ಮೇಲೆ ನಡೀರಿ," ಎಂದಳು. ಏದುಸಿರು. "ಒಂಬೈನೂರ ಎಪ್ಪತ್ತೊಂಬತ್ತಕ್ಕೆ ಬಂದಿದೆ. ಇನ್ನೂ ಇಳೀತಾ ಇದೆ."

"ಅದು ನಿನ್ನ ವಯಸ್ಸಾ ಮಾನಾ?" ಎಂದ ತಿಬುರ್. ಮತ್ತೆ ನಗು.

"ಗಾಳಿ ಅಲ್ಲಿಂದ ಬರ್ತಿದೆ ಅಂತ ಇಲ್ಲಿ ಸುಮ್ಮನಿದೆ. ನಡು ದಾಟಿದ ಮೇಲೆ ತಿರುಗತ್ತೆ. ತಿರುಗಿದಾಗ ಕಡಲನ್ನ ತಂದು ನಿಮ್ಮ ತಲೆ ಮೇಲೆ ಸುರಿಯತ್ತೆ. ನೀರು ಎಷ್ಟು ಹಿಂದೆ ಹೋಗಿದೆ ಕಾಣಲ್ವಾ ನಿಮಗೆ?"

ಪುಲೋ ಎದ್ದು ಬಂದು ಅವಳ ಮೊಣಕೈಯ ರಕ್ತವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಅವನ ಮುಖದಲ್ಲಿ ನಗು ಇರಲಿಲ್ಲ. "ಲುಮಿಂಗ್, ನೇರ ಹೇಳು. ಮೂರು ಬಂತಾ?"

ಎಲ್ಲರೂ ಇಸ್ಪೀಟು ಕೆಳಗಿಟ್ಟು ಅವಳ ಬಾಯಿ ನೋಡಿದರು. ಬಂತು ಎಂದುಬಿಟ್ಟರೆ ಸಾಕಿತ್ತು. ಒಂದೇ ಮಾತು. ಹದಿನೇಳೂ ಜನ ಹಂದಿಗಳನ್ನು ಬಿಚ್ಚಿ ಅವಳ ಹಿಂದೆ ನಡೆಯುತ್ತಿದ್ದರು. ಅವಳ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ, ಅವಳು ಸುಳ್ಳು ಹೇಳುವವಳಲ್ಲ ಎಂದು ಇಡೀ ದ್ವೀಪಕ್ಕೇ ಗೊತ್ತು.

"ಇಲ್ಲ," ಎಂದಳು. "ಎರಡೇ. ಆದರೆ ಸಿಗ್ನಲ್ ಬಿಡು ಪುಲೋ, ಅಂಕಿ..."

"ಎರಡಾ? ಹಾಗಾದ್ರೆ ಕೂತ್ಕೊಳ್ರೋ," ಎಂದ ತಿಬುರ್.

"ನೀನಾದ್ರೂ ಬಾ," ಎಂದು ಅವಳು ಗಂಡನ ಕೈ ಹಿಡಿದೆಳೆದಳು.

"ನಾವು ಹೋದಾಗ ಬೇಲಿ ಹಾಕಿಬಿಟ್ರೆ ಏನೇ ಮಾಡೋದು? ನಾನೊಬ್ಬ ಹೆಂಡತಿ ಹಿಂದೆ ಎದ್ದು ಬಂದ್ರೆ ಇವರ ಮುಖ ಹೆಂಗೆ ನೋಡ್ಲಿ?" ಅವನು ಮೆಲ್ಲಗೆ ಕೈ ಬಿಡಿಸಿಕೊಂಡ. "ಹೋಗು. ನಿನ್ನ ಎರಡು ಗಂಟೆಯ ಅಂಕಿ ಕಾಯ್ತಿರತ್ತೆ. ಮೂರು ಬಂದ್ರೆ ಗುಡ್ಡದಿಂದ ಕೆಂಪು ಬಟ್ಟೆ ಬೀಸು, ಓಡಿ ಬರ್ತೀವಿ."

ಅವಳು ಹೋದಳು. ಬೇರೆ ಏನು ಮಾಡಬೇಕಿತ್ತು ಹೇಳಿ. ಮೇಲೆ ಹತ್ತಿ ಮತ್ತೆ ರೇಡಿಯೋ ಹಿಡಿದು ಕೂಗಿದಳು, ಬೇಡಿದಳು, ಬೈದಳು. ಒಂದು ಗಂಟೆಗೆ ರೇಡಿಯೋದ ಕಂಬ ಮುರಿದು ಬಿತ್ತು. ಸ್ವಲ್ಪ ಹೊತ್ತಿಗೆ ಗಾಳಿ ಪೂರ್ತಿ ನಿಂತು ಬಿಸಿಲು ಬಂತು, ನಡು ದಾಟುತ್ತಿತ್ತು. ಅವಳು ಮೇಜಿನ ಮೇಲಿದ್ದ ಕೆಂಪು ಹಾಸು ಕಿತ್ತುಕೊಂಡು ಹೊರಗೆ ಓಡಿ ಬೀಸಿದಳು. ಸಿಗ್ನಲ್ ಎಷ್ಟಾದರೂ ಇರಲಿ, ಹಾಳಾಗಲಿ ಎಂದು ಬೀಸಿದಳು. ದಂಡೆಯಲ್ಲಿ ಸಣ್ಣಗೆ ಮನುಷ್ಯರು ಎದ್ದು ನಿಂತದ್ದು ಕಂಡಿತು, ಯಾರೋ ಓಡತೊಡಗಿದ್ದೂ ಕಂಡಿತು. ಆಮೇಲೆ ಗಾಳಿ ಪಡುವಣದಿಂದ ತಿರುಗಿ ಹೊಡೆಯಿತು. ಕಡಲು ಕಪ್ಪಗೆ ಎದ್ದು ಬಂತು. ತೆಂಗಿನ ಮರಗಳ ಅರ್ಧದವರೆಗೆ ನೀರು. ಅವಳು ಕೂಗಿದ್ದು ಅವಳ ಕಿವಿಗೇ ಕೇಳಿಸಲಿಲ್ಲ. ಎರಡು ಗಂಟೆಗೆ ಒಳಗೆ ತೆವಳಿ ಹೋಗಿ ಕೊಳವೆ ನೋಡಿದಳು. ಒಂಬೈನೂರ ನಲವತ್ತೊಂಬತ್ತು. ಪುಸ್ತಕದಲ್ಲಿ ಬರೆದಳು.

ಸಿಗ್ನಲ್ ನಾಲ್ಕು ಬಂದದ್ದು ಎರಡೂ ಇಪ್ಪತ್ತಕ್ಕೆ. ಅದು ಅವಳಿಗೆ ಗೊತ್ತಾದದ್ದು ಐದು ದಿನ ಬಿಟ್ಟು.

ಹದಿನೇಳರಲ್ಲಿ ಮೂವರು ಬದುಕಿದರು, ತಿಬುರ್ ಅವರಲ್ಲೊಬ್ಬ. ಪುಲೋ ಮೂರನೆಯ ದಿನ ಸಿಕ್ಕಿದ. ಡೋನ್ ಗವಿನೋನ ಹಳೆಯ ಮುಳ್ಳುತಂತಿಗೆ ಸಿಕ್ಕಿಕೊಂಡಿದ್ದ. ಬಿಡಿಸಲು ಹೆಂಗಸರಿಗೆ ಅರ್ಧ ಗಂಟೆ ಬೇಕಾಯಿತು. ಅವಳೇ ತಂತಿ ಎಳೆದಳು, ಅಂಗೈ ಹರಿಯಿತು. ಸಮಾಧಿಯ ಹತ್ತಿರ ನೆರೆಮನೆಯ ತಾಸ್ಯಾ, ಗಂಡನನ್ನೂ ಮೈದುನನನ್ನೂ ಒಂದೇ ದಿನ ಮಣ್ಣು ಮಾಡಿದವಳು, ಅವಳ ತೋಳು ಹಿಡಿದು ಅಲುಗಿಸಿದಳು.

"ನೀನು ಕೆಳಗೆ ಹೋಗಿದ್ಯಂತೆ. ಮೂರು ಬಂತು ಅಂತ ಒಂದು ಸುಳ್ಳು ಹೇಳಕ್ಕೆ ನಿನಗೆ ಏನಾಗಿತ್ತೇ? ನಾಲಿಗೆ ಬಿದ್ದುಹೋಗಿತ್ತಾ?"

ಲುಮಿಂಗ್ ಕೂಡ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದಳು, ಈಗಲೂ ಕೇಳಿಕೊಳ್ಳುತ್ತಾಳೆ.

ಮರುವಾರ ವಾಲ್ಡೆನೋರ್ ಗುಡ್ಡ ಹತ್ತಿ ಬಂದರು. ಕೈಯಲ್ಲಿ ಒಂದು ಹೊಸ ಪುಸ್ತಕ. ಕೂರಲಿಲ್ಲ, ಕಾಫಿ ಕೇಳಲಿಲ್ಲ.

"ಪುಲೋನ ವಿಷಯ ಕೇಳಿ ಬಹಳ ಬೇಜಾರಾಯ್ತು ಲುಮಿಂಗ್. ದೇವರ ಇಚ್ಛೆ."

"ದೇವರದ್ದಲ್ಲ ಸರ್," ಎಂದಳು.

ಅವರು ಹಣೆ ಒರೆಸಿಕೊಂಡರು. "ನೋಡು, ವಿಚಾರಣೆ ಬರ್ತಿದೆ. ಗಾಳಿ ಕೊನೇ ಗಳಿಗೆಯಲ್ಲಿ, ಏನೂ ಸೂಚನೆ ಕೊಡದೆ ಬಲ ಆಯ್ತು ಅಂತ ಕಚೇರಿಯವರು ವರದಿ ಬರೆದಾಗಿದೆ. ಈ ಪುಸ್ತಕದಲ್ಲಿ ಆ ಹನ್ನೊಂದು ಗಂಟೆಯ ಅಂಕಿ ಇದೆಯಲ್ಲ, ಅದೊಂದು ತೊಡಕು. ಡಿಸೆಂಬರಿನ ಹಾಳೆಗಳನ್ನ ಹೊಸದರಲ್ಲಿ ಇಳಿಸ್ಕೊಡು. ಹನ್ನೊಂದಕ್ಕೆ ಒಂಬೈನೂರ ತೊಂಬತ್ತೆರಡು ಅಂತ ಬರಿ. ಅಷ್ಟೇ. ಇಷ್ಟು ವರ್ಷದ ಪುಸ್ತಕ ಎಲ್ಲಾ ನಿನ್ನ ಕೈಬರಹದಲ್ಲೇ ಇದೆ, ನಾನು ಬರೆದ್ರೆ ಸಿಕ್ಕಿಬೀಳ್ತೀನಿ. ನನ್ನ ನಿವೃತ್ತಿಗೆ ಎಂಟೇ ತಿಂಗಳು. ಈ ಸಲ ನಿನ್ನ ಕೆಲಸ ಕಾಯಂ ಮಾಡಿಸ್ತೀನಿ, ಕನ್ಯೆ ಮರಿಯಮ್ಮನ ಆಣೆ."

ಅವರು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದರು. ಅವಳು ತನ್ನ ಅಂಗೈ ನೋಡಿಕೊಂಡಳು, ತಂತಿಯ ಗಾಯ ಇನ್ನೂ ಒಣಗಿರಲಿಲ್ಲ. ಪೆನ್ನು ತೆಗೆದುಕೊಂಡಳು. ಹಳೆಯ ಪುಸ್ತಕ ಎಳೆದುಕೊಂಡು ಆ ದಿನದ ಹಾಳೆ ತೆರೆದಳು. ಹನ್ನೊಂದು ಗಂಟೆಯ ಅಂಕಿಯ ಮುಂದೆ ಇದ್ದ ಅವರ ಮೊದಲಕ್ಷರಗಳನ್ನು ಹೊಡೆದು ಹಾಕಿ, ಪಕ್ಕದಲ್ಲಿ ದೊಡ್ಡದಾಗಿ ಬರೆದಳು. ಇಲುಮಿನಾದಾ ಗಬೋರ್ನೋ.

"ಏನೇ ಮಾಡ್ತಿದೀಯಾ, ಹುಚ್ಚು ಗಿಚ್ಚು ಹಿಡೀತಾ?" ಎಂದು ಅವರು ಪುಸ್ತಕ ಕಿತ್ತುಕೊಂಡರು.

"ಹದಿನೇಳು ಜನರ ಜೀವ ಉಳಿಸಕ್ಕೆ ಒಂದು ಸುಳ್ಳು ಬೇಕಿತ್ತು ಸರ್. ನನ್ನ ಗಂಡನ ಜೀವ ಉಳಿಸಕ್ಕೆ ಬೇಕಿತ್ತು. ಆವತ್ತು ನನ್ನ ಬಾಯಿಗೆ ಬರಲಿಲ್ಲ. ಈಗ ನಿಮ್ಮ ನೌಕರಿ ಉಳಿಸಕ್ಕೆ ಹೇಳ್ಲಾ? ಬರೆಯಲ್ಲ. ಕೈ ಕತ್ತರಿಸಿ ಬೇಕಾದ್ರೆ ತಗೊಂಡ್ಹೋಗಿ, ಬರೆಯಲ್ಲ."

ವಾಲ್ಡೆನೋರ್ ಎರಡೂ ಪುಸ್ತಕ ಬಗಲಿಗಿಟ್ಟುಕೊಂಡು ಇಳಿದರು. ಇನ್ನೂರ ಹದಿನಾಲ್ಕು ಮೆಟ್ಟಿಲನ್ನು ಅಷ್ಟು ಬೇಗ ಅವರು ಯಾವತ್ತೂ ಇಳಿದಿರಲಿಲ್ಲ.

ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಪೇಟೆಯಲ್ಲಿ ಯಾರೋ ಗುಮಾಸ್ತ ಅವಳ ಅಕ್ಷರ ನೋಡಿ ನೋಡಿ ಅಭ್ಯಾಸ ಮಾಡಿ ಹಾಳೆ ತುಂಬಿಸಿದ. ಶಾಲೆಯಲ್ಲಿ ವಿಚಾರಣೆ ನಡೆಯಿತು. ಅವಳು ಎದ್ದು ನಿಂತು ಹೇಳಿದಳು. ಮೇಜಿನ ಹಿಂದೆ ಕೂತವರು ಅವಳ ಕರಾರು ಪತ್ರ ತೆಗೆದು ಗಟ್ಟಿಯಾಗಿ ಓದಿದರು. ನೆಲ ಒರೆಸುವುದು, ನೀರು ಹೊರುವುದು, ಕಕ್ಕಸು ತೊಳೆಯುವುದು. "ವಾಯುಭಾರ ಓದೋದು ಇದರಲ್ಲಿ ಎಲ್ಲಿದೆಯಮ್ಮ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಕಪಿತಾನ್ ಕಿಸಕ್ಕೆಂದ. ಹೊಸ ಪುಸ್ತಕ ತೋರಿಸಿದರು. "ಇದು ನಿನ್ನದೇ ಅಕ್ಷರ ಅಲ್ವಾ?" ಅವಳದೇ ಅನ್ನುವ ಹಾಗಿತ್ತು. ಅವಳ 'ಒಂಬತ್ತು' ಬಾಲ ಬಗ್ಗಿಸಿಕೊಂಡು ಕೂರುತ್ತದೆ, ಅದನ್ನೂ ಬಿಟ್ಟಿರಲಿಲ್ಲ. "ಅಕ್ಷರ ನನ್ನ ಥರ ಇದೆ. ಬರೆದಿದ್ದು ನಾನಲ್ಲ," ಎಂದಳು. ಬರೆದುಕೊಳ್ಳುವವನು ಅದನ್ನು ಬರೆದುಕೊಳ್ಳಲಿಲ್ಲ.

ಮೂವತ್ತೊಂಬತ್ತನೆಯ ಕರಾರು ಪತ್ರ ಬರಲಿಲ್ಲ. ಸತ್ತವರಿಗಾಗಿ ಮಾಡುವ ನಲವತ್ತು ದಿನದ ಪ್ರಾರ್ಥನೆ ಮುಗಿಯುವ ಮೊದಲೇ ದಂಡೆಯಲ್ಲಿ ವಾಸ ಅಪಾಯ ಎಂದು ಸರ್ಕಾರ ಹಲಗೆ ನೆಟ್ಟಿತು. ಮರುವಾರ ಡೋನ್ ಗವಿನೋನ ಹೊಸ ತಂತಿ ಬಂತು. ಯಾವ ನೆಲಕ್ಕಾಗಿ ಹದಿನಾಲ್ಕು ಜನ ಸತ್ತರೋ ಆ ನೆಲದ ಮೇಲೆ ಈಗ ಪ್ರವಾಸಿಗರಿಗೆ ಕೊಡೆ, ಕುರ್ಚಿ ಹಾಕುತ್ತಾರೆ. ಲುಮಿಂಗ್ ಗುಡ್ಡದ ಇಳಿಜಾರಿನಲ್ಲಿ ತಗಡಿನ ಒಂದು ಮರೆ ಕಟ್ಟಿಕೊಂಡು, ಕಂಡವರ ತೋಟದಲ್ಲಿ ಕೊಬ್ಬರಿ ಒಡೆಯುತ್ತಾಳೆ.

ನವೆಂಬರ್ ಬಂತು. ಸತ್ತವರ ದಿನ. ಆ ದಿನ ದ್ವೀಪದ ಎಲ್ಲರೂ ಸಮಾಧಿಗೆ ಹೋಗಿ ಹುಲ್ಲು ಕಿತ್ತು, ಶಿಲುಬೆಗೆ ಬಿಳಿ ಬಣ್ಣ ಬಳಿದು, ಹೆಸರನ್ನು ಕಪ್ಪು ಬಣ್ಣದಲ್ಲಿ ಹೊಸದಾಗಿ ಬರೆಯುತ್ತಾರೆ. ಹದಿನಾಲ್ಕು ಮರದ ಶಿಲುಬೆಗಳು ಸಾಲಾಗಿದ್ದವು. ಅವಳು ಮಂಡಿ ಊರಿ, ಕಣ್ಣನ್ನು ಶಿಲುಬೆಯ ಮಟ್ಟಕ್ಕೆ ತಂದು, ಗಂಡನ ಹೆಸರು ಬರೆದಳು. ಕ್ರಿಸ್ಪುಲೋ ಗಬೋರ್ನೋ. ಹುಟ್ಟಿದ ದಿನ, ಸತ್ತ ದಿನ. ಅದರ ಕೆಳಗೆ ಬರೆದಳು. ಬೆಳಿಗ್ಗೆ ಹನ್ನೊಂದು ಗಂಟೆ, 979. ಒಂಬತ್ತಿನ ಬಾಲ ಬಗ್ಗಿಸಿದಳು. ಅದರ ಕೆಳಗೆ, ಓದಿದವಳು ಇಲುಮಿನಾದಾ.

ಹಿಂದೆ ಯಾರೋ ನಿಂತಂತಾಯಿತು. ತಿಬುರ್. ಆ ದಿನದಿಂದ ಅವನು ಅವಳ ಮುಖ ನೋಡಿ ಮಾತಾಡಿರಲಿಲ್ಲ. ಅವನ ತಮ್ಮನ ಶಿಲುಬೆ ಮೂರನೆಯದು.

"ಮಾನಾ, ಇವನದಕ್ಕೂ ಅದನ್ನ ಬರಿ," ಎಂದ.

"ಅದು ಏನಂತ ಗೊತ್ತಾ ನಿನಗೆ?"

"ಗೊತ್ತು. ನೀನು ಓಡಿಬಂದು ಹೇಳಿದ್ದು. ನಾನು ನಕ್ಕಿದ್ದು."

ಅವಳು ಬರೆದಳು. ಆಮೇಲೆ ತಾಸ್ಯಾ ಬಂದಳು. ಮೇಣದಬತ್ತಿ ಕೆಳಗಿಟ್ಟು, ಬಣ್ಣದ ಡಬ್ಬಿ ಎತ್ತಿ ಹಿಡಿದು, ಒಂದೊಂದೇ ಶಿಲುಬೆಗೆ ಅವಳ ಜೊತೆ ನಡೆದಳು. ಸಂಜೆಯೊಳಗೆ ಹದಿನಾಲ್ಕಕ್ಕೂ ಆಯಿತು.

ವಾರದೊಳಗೆ ಕಪಿತಾನ್ ಆಳು ಕಳಿಸಿ, ಸಮಾಧಿಯಲ್ಲಿ ಸಲ್ಲದ ಬರಹ ಎಂದು ಎಲ್ಲದರ ಮೇಲೂ ಸುಣ್ಣ ಬಳಿಸಿದ. ಸತ್ತವರ ಹೆಸರೂ ಹೋಯಿತು. ಮರುವರ್ಷ ಅವಳು ಮತ್ತೆ ಬರೆದಳು, ಅವನು ಮತ್ತೆ ಬಳಿಸಿದ. ಈಗ ನಾಲ್ಕು ವರ್ಷವಾಯಿತು. ಹೊಸ ಪುಸ್ತಕದಲ್ಲಿ ಹನ್ನೊಂದು ಗಂಟೆಗೆ ಒಂಬೈನೂರ ತೊಂಬತ್ತೆರಡು ಎಂದೇ ಇದೆ.